ಒರಾಕಲ್ ಶೆಡ್ಯೂಲರ್: ಅಂಕಿ ಬೇಡ, ಊರಿನ ಹೆಸರು ಕೊಡಿ

2024ರ ಮಾರ್ಚ್ 11, ಸೋಮವಾರ. ಮಧ್ಯಾಹ್ನ 3:10. ಊಟ ಮುಗಿಸಿ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. ಅಪ್ಪಯ್ಯ ತೋಟಕ್ಕೆ ನೀರು ಬಿಡಲು ಮೋಟಾರ್ ಹಾಕಲು ಹೊರಟಿದ್ದರು. ಅಷ್ಟರಲ್ಲಿ ಅಮೆರಿಕದಿಂದ ಫೋನ್ ಬಂತು. ಇವತ್ತಿನ ಲೋಡಿಂಗ್ ಲಿಸ್ಟ್ ಬಂದಿಲ್ಲ, ಲಾರಿಗಳು ನಿಂತಿವೆ ಅಂದರು. ನಾನು ಗೋಡೆ ಗಡಿಯಾರ ನೋಡಿದೆ. "ಇನ್ನೂ ಹೊತ್ತಾಗಿಲ್ಲ. ಅದು ಓಡುವುದು ನಮ್ಮ ಮೂರೂವರೆಗೆ. ಇನ್ನೂ 20 ನಿಮಿಷ ಇದೆ" ಅಂದೆ. ಆ ಕಡೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು: ನಮಗೆ ಈಗ ಬೆಳಿಗ್ಗೆ 5:40, ಲಿಸ್ಟ್ 5:20ಕ್ಕೆ ಕೈಗೆ ಬರಬೇಕಿತ್ತು.

ನಾನು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಊರಿನವಳು. 2020ರಲ್ಲಿ ಬೆಂಗಳೂರು ಬಿಟ್ಟು ಮನೆಗೆ ಬಂದೆ, ಇಲ್ಲೇ ಕೂತು ಡೇಟಾಬೇಸ್ ನೋಡಿಕೊಳ್ಳುತ್ತೇನೆ. ನಮ್ಮ ಗ್ರಾಹಕರು ಅಮೆರಿಕದ ಪೂರ್ವ ಕರಾವಳಿಯವರು. ಗೋದಾಮುಗಳಿಂದ ಅಂಗಡಿಗಳಿಗೆ ಸರಕು ಕಳಿಸುವ ಕೆಲಸ ಅವರದ್ದು. ಅವರ ಮಾಹಿತಿಯೆಲ್ಲ ಇರುವುದು ಒರಾಕಲ್ ಕಂಪನಿಯ ಡೇಟಾಬೇಸ್ ತಂತ್ರಾಂಶದಲ್ಲಿ. ಅದರಲ್ಲಿ ಜಾಬ್, ಅಂದ್ರೆ ಹೇಳಿಟ್ಟ ಹೊತ್ತಿಗೆ ನಡೆಯುವ ಕೆಲಸ, ಅಂತ ಇರುತ್ತದೆ. ಹೀಗೆ ತಾವಾಗಿಯೇ ಓಡುವ ಜಾಬ್‌ಗಳು 40ಕ್ಕೂ ಜಾಸ್ತಿ ಇವೆ. ಎಲ್ಲವನ್ನೂ ಓಡಿಸುವುದು ಒರಾಕಲ್ ಜೊತೆಗೇ ಬರುವ ಡಿಬಿಎಂಎಸ್ ಶೆಡ್ಯೂಲರ್. 10ಜಿ ಆವೃತ್ತಿಯಿಂದ ಇದು ಒರಾಕಲ್‌ನಲ್ಲಿದೆ. ಅದಕ್ಕೆ ಬೇರೆ ಬೇರೆ ಗುಣಗಳಿವೆ, ಅವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಲ್ಲಿಯ ಗಡಿಯಾರ ವರ್ಷಕ್ಕೆರಡು ಸಲ ಒಂದು ಗಂಟೆ ಹಿಂದೆ ಮುಂದೆ ಆದಾಗ ಇದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಷ್ಟೇ ಈ ವಿಮರ್ಶೆ.

ಅವತ್ತು ಆದದ್ದು ಇಷ್ಟು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆ ಆಗುತ್ತಿದ್ದ ಹಾಗೇ ಗಡಿಯಾರ 3ಕ್ಕೆ ಹಾರುತ್ತದೆ. ನವೆಂಬರ್ ಮೊದಲ ಭಾನುವಾರ 2 ಗಂಟೆಗೆ ಮತ್ತೆ 1ಕ್ಕೆ ಬರುತ್ತದೆ. 2007ರಿಂದ ಈ ಲೆಕ್ಕ. ಅದಕ್ಕೂ ಮುಂಚೆ ಏಪ್ರಿಲ್ ಮೊದಲ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇತ್ತು. ಇದಕ್ಕೆ ಡೇಲೈಟ್ ಸೇವಿಂಗ್ ಅಂತ ಹೆಸರು, ನಮ್ಮ ಕೆಲಸದವರ ಬಾಯಲ್ಲಿ ಡಿಎಸ್‌ಟಿ. ಚಳಿಗಾಲದಲ್ಲಿ ನ್ಯೂಯಾರ್ಕ್‌ಗೂ ನಮಗೂ ಹತ್ತೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಒಂಬತ್ತೂವರೆ. ಲಿಸ್ಟ್ ಮಾಡುವ ಜಾಬ್ ಅಲ್ಲಿಯ ಬೆಳಿಗ್ಗೆ 5ಕ್ಕೆ ಓಡಬೇಕು. ಅಂದ್ರೆ ಚಳಿಗಾಲದಲ್ಲಿ ನಮ್ಮ 3:30, ಬೇಸಿಗೆಯಲ್ಲಿ ನಮ್ಮ 2:30.

ಆ ಜಾಬ್ ಮಾರ್ಚ್ 10ರ ನಂತರವೂ ನಮ್ಮ ಮೂರೂವರೆಗೇ ಓಡುತ್ತಿತ್ತು. ಭಾನುವಾರ ಅಲ್ಲಿ ಲಾರಿ ಹೊರಡುವುದಿಲ್ಲ, ಹಾಗಾಗಿ ಮೊದಲ ದಿನ ಯಾರ ಗಮನಕ್ಕೂ ಬರಲಿಲ್ಲ. ನಾನೂ ಭಾನುವಾರ ನೋಡಿದ್ದೆ. ಮೂರೂವರೆಗೆ ಸರಿಯಾಗಿ ಓಡಿತ್ತು, ಹಸಿರು ಗುರುತು ಬಿದ್ದಿತ್ತು, ಸಮಾಧಾನ ಆಗಿತ್ತು. ನಮ್ಮ ಗಡಿಯಾರದಲ್ಲಿ ಏನೂ ಬದಲಾಗದೆ ಎಲ್ಲ ನೆಟ್ಟಗಿದ್ದದ್ದೇ ತಪ್ಪಿನ ಗುರುತು. ಅದು ಆಗ ನನಗೆ ಹೊಳೆಯಲಿಲ್ಲ. ಗಡಿಯಾರ ಯಾವತ್ತೂ ಅಲುಗದ ಊರಿನಲ್ಲಿ ಕೂತು, ಅಲುಗುವ ಊರಿನ ಕೆಲಸ ನೋಡುವ ಎಲ್ಲರಿಗೂ ಈ ಅಪಾಯ ಇದೆ.

ಫೋನ್ ಇಟ್ಟವಳೇ ಜಾಬನ್ನು ಕೈಯಾರೆ ಓಡಿಸಿದೆ. 12 ನಿಮಿಷ ತೆಗೆದುಕೊಂಡಿತು. ಒಂಬತ್ತು ಲಾರಿಯ ಡ್ರೈವರ್‌ಗಳು ಮಾರ್ಚ್ ತಿಂಗಳ ಆ ಚಳಿಯಲ್ಲಿ ಕಾದಿದ್ದರು. ಆ ಮಾತು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು.

ಸಂಜೆ ಕೂತು ಹುಡುಕಿದೆ. ಜಾಬ್ ಬರೆದವಳು ನಾನೇ, 2024ರ ಜನವರಿಯಲ್ಲಿ. ಶೆಡ್ಯೂಲರ್‌ನಲ್ಲಿ ಜಾಬ್ ಮಾಡುವಾಗ ಎರಡು ಮುಖ್ಯ ವಿಷಯ ಕೊಡಬೇಕು. ಒಂದು ಸ್ಟಾರ್ಟ್ ಡೇಟ್, ಯಾವಾಗಿನಿಂದ ಶುರು ಅಂತ. ಇನ್ನೊಂದು ರಿಪೀಟ್ ಇಂಟರ್ವಲ್, ಎಷ್ಟು ಸಲ ಅಂತ. ರಿಪೀಟ್ ಇಂಟರ್ವಲ್‌ನಲ್ಲಿ ನಾನು 'ಫ್ರೆಕ್=ಡೈಲಿ; ಬೈಅವರ್=5; ಬೈಮಿನಿಟ್=0; ಬೈಸೆಕೆಂಡ್=0' ಅಂತ, ಅಂದ್ರೆ ದಿನಾ ಸರಿಯಾಗಿ 5 ಗಂಟೆಗೆ ಅಂತ, ಬರೆದಿದ್ದೆ. ಅದರಲ್ಲಿ ತಪ್ಪಿಲ್ಲ. ಸ್ಟಾರ್ಟ್ ಡೇಟ್ ಜಾಗದಲ್ಲಿ ಸಿಸ್‌ಟೈಮ್‌ಸ್ಟಾಂಪ್ ಅಂತ ಹಾಕಿದ್ದೆ. ಈಗಿನಿಂದಲೇ ಶುರು ಮಾಡು ಅನ್ನುವ ಅರ್ಥದಲ್ಲಿ. ಕಲಿಯುವಾಗ ನಾವೆಲ್ಲ ಮೊದಲು ಬರೆಯುವುದು ಹಾಗೇ ಅಲ್ವಾ?

ಬೈಅವರ್=5 ಅಂದ್ರೆ ಯಾರ 5 ಗಂಟೆ? ರಿಪೀಟ್ ಇಂಟರ್ವಲ್‌ನಲ್ಲಿ ಟೈಮ್ ಝೋನ್, ಅಂದ್ರೆ ಯಾವ ಊರಿನ ಸಮಯ ಅನ್ನುವುದನ್ನು, ಬರೆಯಲು ಜಾಗವೇ ಇಲ್ಲ. ಶೆಡ್ಯೂಲರ್ ಅದನ್ನು ಸ್ಟಾರ್ಟ್ ಡೇಟಿನಿಂದ ತೆಗೆದುಕೊಳ್ಳುತ್ತದೆ. ಸಿಸ್‌ಟೈಮ್‌ಸ್ಟಾಂಪ್ ಕೊಡುವ ಸಮಯದ ಬಾಲದಲ್ಲಿ ಊರಿನ ಹೆಸರು ಇರುವುದಿಲ್ಲ, ಒಂದು ಅಂಕಿ ಇರುತ್ತದೆ. ಜನವರಿಯಲ್ಲಿ ಆ ಸರ್ವರ್ ಕೊಟ್ಟಿದ್ದು -05:00, ಅಂದ್ರೆ ಜಿಎಂಟಿಗಿಂತ (ಗ್ರೀನ್‌ವಿಚ್ ಸಮಯಕ್ಕಿಂತ) 5 ಗಂಟೆ ಹಿಂದೆ. ಅಂಕಿಗೆ ಡಿಎಸ್‌ಟಿ ಗೊತ್ತಿಲ್ಲ. ಅದು ಮಾರ್ಚ್‌ನಲ್ಲೂ -05:00, ಜುಲೈನಲ್ಲೂ -05:00. ಅದೇ ಜಾಗದಲ್ಲಿ 'ಅಮೆರಿಕಾ/ನ್ಯೂಯಾರ್ಕ್' ಅಂತ ಬರೆದಿದ್ದರೆ ಶೆಡ್ಯೂಲರ್ ಆ ಊರಿನ ನಿಯಮ ನೋಡಿಕೊಂಡು ತಾನೇ ಸರಿದುಕೊಳ್ಳುತ್ತಿತ್ತು. ಒರಾಕಲ್ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಅಂಕಿ ಕೊಟ್ಟರೆ ವರ್ಷದಲ್ಲಿ ಅರ್ಧ ಭಾಗ ಒಂದು ಗಂಟೆ ತಪ್ಪಾಗಿ ಓಡುತ್ತದೆ ಅಂತ. ನಾನು ಅದನ್ನು ಓದಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯನಿಗೆ ಹೇಳಿದೆ. "ಗಡಿಯಾರ ಮುಂದೆ ಇಡೂದು ಅಂದ್ರೆ ಎಂತ ಮಗಾ? ಹೊತ್ತು ಹುಟ್ಟೂದು ಹುಟ್ಟಿದ ಹಾಗೇ ಅಲ್ವಾ?" ಅಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲೂ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ದರು, 1945ರಲ್ಲಿ ನಿಲ್ಲಿಸಿದರು ಅಂದೆ. ಅವರಿಗೆ ಅದು ಬೇಕಾಗಿರಲಿಲ್ಲ, ಅವರು ಜಾಬಿನ ಬಗ್ಗೆಯೇ ಯೋಚಿಸುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನಾನು ಅಡಿಕೆ ಕೊನೆ ಕೊಯ್ಯೋರಿಗೆ ಎಂಟು ಗಂಟೆಗೆ ಬನ್ನಿ ಅಂತ ಯಾವತ್ತಾದ್ರೂ ಹೇಳಿದ್ದು ಕೇಳಿದ್ಯಾ? ಮೊದಲ್ನೇ ಬಸ್ಸಿಗೆ ಬನ್ನಿ ಅಂತೇನೆ. ಬಸ್ಸು ಏಳೂವರೆಗೆ ಬರಲಿ, ಎಂಟೂಕಾಲಿಗೆ ಬರಲಿ, ಮಾತು ಬದಲಾಗೂದಿಲ್ಲ."

ಇದಕ್ಕಿಂತ ಸರಿಯಾಗಿ ನಾನು ಯಾರಿಗೂ ಹೇಳಿಕೊಡಲಾರೆ. ಊರಿನ ಹೆಸರು ಕೊಡುವುದು ಮೊದಲ ಬಸ್ಸಿಗೆ ಬನ್ನಿ ಅಂದ ಹಾಗೆ. ಅಂಕಿ ಕೊಡುವುದು ಹಳೇ ಟೈಮ್ ಟೇಬಲ್ ನೋಡಿ ಗಂಟೆ ಹೇಳಿದ ಹಾಗೆ. ಶಿವಮೊಗ್ಗದ ವಿನೋಬನಗರದಲ್ಲಿ ಕೂತು ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಮರುದಿನ ಇದನ್ನೇ ಹೇಳಿದೆ. "ಅಕ್ಕಾ, ಹಾಗಾದ್ರೆ ನಮ್ಮ ಎಲ್ಲಾ ಜಾಬ್ ಒಂದ್ಸಲ ನೋಡ್ಬೇಕು" ಅಂದ. ನೋಡಿದೆವು. 43ರಲ್ಲಿ 17 ಜಾಬ್‌ಗಳ ಬಾಲದಲ್ಲಿ ಅಂಕಿ ಇತ್ತು.

ಸರಿ ಮಾಡುವುದು ಸುಲಭ. ಜಾಬನ್ನು ಅಳಿಸಿ ಮತ್ತೆ ಬರೆಯಬೇಕಾಗಿಲ್ಲ. ಸೆಟ್ ಆಟ್ರಿಬ್ಯೂಟ್ ಅನ್ನುವ ಆಜ್ಞೆಯಲ್ಲಿ ಸ್ಟಾರ್ಟ್ ಡೇಟನ್ನು '2024-03-12 05:00:00 ಅಮೆರಿಕಾ/ನ್ಯೂಯಾರ್ಕ್' ಅಂತ ಬದಲಿಸಿದೆ, ಅಷ್ಟೇ. ಆದರೆ ಬದಲಿಸಿದ್ದು ಸರಿಯಾಯಿತೋ ಇಲ್ಲವೋ ಅಂತ ನವೆಂಬರ್‌ವರೆಗೆ ಕಾಯುವುದು ಹೇಗೆ? ಇಲ್ಲಿ ಶೆಡ್ಯೂಲರ್ ನನ್ನ ಮನಸ್ಸು ಗೆದ್ದಿತು. ಅದರಲ್ಲಿ ಇವ್ಯಾಲ್ಯುಯೇಟ್ ಕ್ಯಾಲೆಂಡರ್ ಸ್ಟ್ರಿಂಗ್ ಅನ್ನುವ ಒಂದು ಸೌಲಭ್ಯ ಇದೆ. ರಿಪೀಟ್ ಇಂಟರ್ವಲ್ ಮತ್ತು ಸ್ಟಾರ್ಟ್ ಡೇಟ್ ಕೊಟ್ಟು, ಇಂಥ ದಿನದ ನಂತರ ಮುಂದಿನ ಓಟ ಯಾವಾಗ ಅಂತ ಕೇಳಿದರೆ ಹೇಳುತ್ತದೆ. ಜಾಬ್ ಓಡುವುದಿಲ್ಲ, ಬರೀ ಲೆಕ್ಕ.

ನಾನು ಐದಾರು ಸಾಲಿನ ಒಂದು ಲೂಪ್ (ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವ ಕೋಡ್) ಬರೆದು, ನವೆಂಬರ್ 1ರಿಂದ 5ರವರೆಗೆ ಕೇಳಿದೆ. ಬಂದ ಉತ್ತರವನ್ನು ನಮ್ಮ ಸಮಯಕ್ಕೆ ತಿರುಗಿಸಿ ಪಕ್ಕದಲ್ಲಿ ಬರೆದುಕೊಂಡೆ. ಹೊಸ ಸ್ಟಾರ್ಟ್ ಡೇಟಿಗೆ ನವೆಂಬರ್ 1, ಅಲ್ಲಿ 5:00, ಇಲ್ಲಿ 2:30. ನವೆಂಬರ್ 2, ಅಲ್ಲಿ 5:00, ಇಲ್ಲಿ 2:30. ನವೆಂಬರ್ 3, ಅಲ್ಲಿ 5:00, ಇಲ್ಲಿ 3:30. ಅಲ್ಲಿಯ ಸಾಲು ನೇರ, ಇಲ್ಲಿಯ ಸಾಲು ಒಂದು ಕಡೆ ಮುರಿದಿದೆ. ಹಳೇ ಸ್ಟಾರ್ಟ್ ಡೇಟಿಗೆ ಅದೇ ಲೂಪ್ ಓಡಿಸಿದರೆ ಉಲ್ಟಾ: ಇಲ್ಲಿಯ ಸಾಲು ಐದೂ ದಿನ 3:30, ಅಲ್ಲಿಯದು ಮೊದಲ ಎರಡು ದಿನ 6:00, ಆಮೇಲೆ 5:00. ಆ ಎರಡು ಸಾಲುಗಳನ್ನು ಪಕ್ಕಪಕ್ಕ ನೋಡಿದಾಗಲೇ ವಿಷಯ ಪೂರ್ತಿ ತಲೆಗೆ ಹೋಗಿದ್ದು. ಈಗ ಹೊಸ ಜಾಬ್ ಯಾರೇ ಬರೆದರೂ ಈ ಲೆಕ್ಕ ಹಾಕಿ ತೋರಿಸದೆ ಮುಂದೆ ಬಿಡುವುದಿಲ್ಲ. ಬೇಜಾರು ಒಂದೇ, ಮುಂದಿನ ಹತ್ತು ಓಟ ತೋರಿಸು ಅಂತ ನೇರವಾಗಿ ಕೇಳಲು ಆಗುವುದಿಲ್ಲ. ಸಲಕ್ಕೆ ಒಂದೇ ದಿನಾಂಕ ಕೊಡುತ್ತದೆ, ಲೂಪ್ ನಾವೇ ಬರೆಯಬೇಕು.

ಈಗ ಶೆಡ್ಯೂಲರ್ ಮೇಲಿನ ನನ್ನ ದೊಡ್ಡ ಆಕ್ಷೇಪ. ಸ್ಟಾರ್ಟ್ ಡೇಟ್ ಖಾಲಿ ಬಿಟ್ಟರೆ ಏನಾಗುತ್ತದೆ ಅನ್ನುವುದು ಮೂರು ಮೆಟ್ಟಿಲಿನ ಲೆಕ್ಕ. ಮೊದಲು, ಜಾಬ್ ಬರೆಯುವವರ ಸೆಷನ್‌ನ (ಅವರು ಡೇಟಾಬೇಸಿನ ಜೊತೆ ಮಾಡಿಕೊಂಡ ಸಂಪರ್ಕದ) ಟೈಮ್ ಝೋನ್ ಊರಿನ ಹೆಸರಾಗಿದ್ದರೆ ಅದನ್ನು ತೆಗೆದುಕೊಳ್ಳುತ್ತದೆ. ಅಲ್ಲಿ ಅಂಕಿ ಇದ್ದರೆ ಡೀಫಾಲ್ಟ್ ಟೈಮ್‌ಝೋನ್ ಅನ್ನುವ ಶೆಡ್ಯೂಲರ್‌ನದೇ ಸೆಟ್ಟಿಂಗ್ ನೋಡುತ್ತದೆ. ಅದೂ ಖಾಲಿ ಇದ್ದರೆ, ಜಾಬ್ ಚಾಲೂ ಮಾಡಿದ ಹೊತ್ತಿನ ಸಿಸ್‌ಟೈಮ್‌ಸ್ಟಾಂಪ್‌ನ ಝೋನ್. ಅಂದ್ರೆ ತೀರ್ಥಹಳ್ಳಿಯಲ್ಲಿ ಕೂತ ನನ್ನ ಸೆಷನ್ 'ಏಷ್ಯಾ/ಕಲ್ಕತ್ತಾ' ಅಂತಿದ್ದರೆ, ನಾನು ಬರೆದ ಬೈಅವರ್=5 ನಮ್ಮೂರಿನ 5 ಗಂಟೆ ಆಗುತ್ತದೆ! ಅದೇ ಜಾಬನ್ನು ಗ್ರಾಹಕರ ಕಡೆಯವರು ಬರೆದರೆ ಅವರ 5 ಗಂಟೆ. ಬರೆದ ಸಾಲು ಒಂದೇ, ಅರ್ಥ ಎರಡು. ಇದು ಸರಿಯಲ್ಲ. ಅಂಕಿ ಕೊಟ್ಟಾಗ, ಖಾಲಿ ಬಿಟ್ಟಾಗ, ಒಂದು ಎಚ್ಚರಿಕೆಯ ಸಾಲನ್ನಾದರೂ ತೋರಿಸಬೇಕಿತ್ತು. ಏನೂ ಹೇಳದೆ ಜಾಬ್ ಮಾಡಿಕೊಡುತ್ತದೆ. ನಮ್ಮ ಪರಿಹಾರ: ಡೀಫಾಲ್ಟ್ ಟೈಮ್‌ಝೋನನ್ನು ನ್ಯೂಯಾರ್ಕ್ ಅಂತ ಇಟ್ಟಿದ್ದೇವೆ, ಆದರೂ ಸ್ಟಾರ್ಟ್ ಡೇಟನ್ನು ಯಾವ ಜಾಬಿನಲ್ಲೂ ಖಾಲಿ ಬಿಡುವುದಿಲ್ಲ.

ಲಾಗ್ ಬಗ್ಗೆ ಒಂದು ಮಾತು. ಯಾವ ಜಾಬ್ ಯಾವಾಗ ಓಡಬೇಕಿತ್ತು, ನಿಜವಾಗಿ ಯಾವಾಗ ಓಡಿತು ಅಂತ ಎರಡನ್ನೂ ಝೋನ್ ಸಮೇತ ಬರೆದಿಡುತ್ತದೆ. ತುಂಬಾ ಒಳ್ಳೆಯದು. ಆದರೆ ಸುಮ್ನೆ ಬಿಟ್ಟರೆ ಇಡುವುದು 30 ದಿನದ ಲಾಗ್ ಮಾತ್ರ. ಡಿಎಸ್‌ಟಿ ಬದಲಾಗುವುದು ತಿಂಗಳುಗಟ್ಟಲೆ ಅಂತರದಲ್ಲಿ. ಹೋದ ಸಲ ಏನಾಗಿತ್ತು ಅಂತ ನೋಡಲು ಹೋದರೆ ಏನೂ ಉಳಿದಿರುವುದಿಲ್ಲ. ನಾನು ಲಾಗ್ ಹಿಸ್ಟರಿಯನ್ನು 400 ದಿನಕ್ಕೆ ಏರಿಸಿಕೊಂಡಿದ್ದೇನೆ.

2024ರ ನವೆಂಬರ್ 3, ಭಾನುವಾರ. ಮನೆಯಲ್ಲಿ ಕೊನೆ ಕೊಯ್ಲು ಶುರುವಾಗಿತ್ತು. ಅಂಗಳದಲ್ಲಿ ಅಡಿಕೆ ಗೊನೆಯ ರಾಶಿ, ಸುಲಿಯುವವರ ಮಾತು, ಹಂಡೆಯಲ್ಲಿ ಬೇಯುತ್ತಿದ್ದ ಅಡಿಕೆಯ ಚೊಗರಿನ ವಾಸನೆ. ನಾನು ಬೆಳಿಗ್ಗೆ ಹತ್ತು ಗಂಟೆಗೇ ಪರದೆ ಮುಂದೆ ಕೂತೆ. ಯಾಕೆಂದರೆ ನವೆಂಬರ್‌ನಲ್ಲಿ ಅಲ್ಲಿ ಒಂದೇ ಗಂಟೆ ಎರಡು ಸಲ ಬರುತ್ತದೆ. ನಮ್ಮ 10:30ರಿಂದ 11:30ರವರೆಗೆ ಅಲ್ಲಿ 1ರಿಂದ 2. ಮತ್ತೆ ನಮ್ಮ 11:30ರಿಂದ 12:30ರವರೆಗೂ ಅಲ್ಲಿ 1ರಿಂದ 2. ನಮ್ಮ ಜಾಬ್‌ಗಳಿಗೆ ಏನೂ ಆಗಲಿಲ್ಲ. 1ರಿಂದ 3 ಗಂಟೆ ನಡುವೆ ಇದ್ದ ಎಲ್ಲವನ್ನೂ ಮೊದಲೇ 3:15ರ ಆಚೆಗೆ ಹಾಕಿದ್ದೆವು. ಮಾರ್ಚ್‌ನಲ್ಲಿ ಇಲ್ಲದೇ ಹೋಗುವ, ನವೆಂಬರ್‌ನಲ್ಲಿ ಎರಡಾಗುವ ಹೊತ್ತಿನಲ್ಲಿ ಯಾವ ಕೆಲಸವನ್ನೂ ಇಡದಿರುವುದೇ ಒಳ್ಳೆಯದು. ಲೋಡಿಂಗ್ ಲಿಸ್ಟ್ 2:30ಕ್ಕೆ ಓಡಲಿಲ್ಲ. 3:30ಕ್ಕೆ ಓಡಿತು. ಅದನ್ನು ನೋಡಿಯೇ ನಾನು ಮೇಲೆದ್ದಿದ್ದು.

ಆದರೆ ಸೋಮವಾರದ ವರದಿಯಲ್ಲಿ ಬೇರೆಯದೇ ತೊಂದರೆ ಕಂಡಿತು. ಒಂದು ಸರಕು 1:50ಕ್ಕೆ ಕಪಾಟಿನಿಂದ ಹೊರಟಿತ್ತು, 1:10ಕ್ಕೆ ಬಾಗಿಲು ತಲುಪಿತ್ತು. ತೆಗೆದುಕೊಂಡ ಸಮಯ -40 ನಿಮಿಷ. ನಿಜವಾಗಿ ಆಗಿದ್ದು 20 ನಿಮಿಷ: ಮೊದಲ ಸುತ್ತಿನ 1:50, ಎರಡನೇ ಸುತ್ತಿನ 1:10. ಆ ಟೇಬಲ್ಲಿನಲ್ಲಿ ಸಮಯವನ್ನು ಝೋನ್ ಇಲ್ಲದ ಡೇಟ್ ಕಾಲಮ್ಮಿನಲ್ಲಿ ಇಟ್ಟಿದ್ದರು. ಯಾವ ಸುತ್ತಿನದು ಅನ್ನುವ ಗುರುತೇ ಇಲ್ಲ. ಶೆಡ್ಯೂಲರ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ಸರಿ ಮಾಡಲಾರದು. ಈಗ ಆ ಕಾಲಮ್ಮನ್ನು ಟೈಮ್‌ಸ್ಟಾಂಪ್ ವಿತ್ ಟೈಮ್ ಝೋನ್ ಮಾಡಿದ್ದೇವೆ. ಹಳೇ ಸಾಲುಗಳ ಆ ಒಂದು ಗಂಟೆ ಹೋಯಿತು, ವಾಪಸ್ ತರಲು ದಾರಿ ಇಲ್ಲ.

ಇಲ್ಲದ ಹೊತ್ತಿನ ಬಗ್ಗೆ ಒರಾಕಲ್ ಕಟ್ಟುನಿಟ್ಟು. ಗೋದಾಮಿನ ಒಂದು ಹಳೇ ತೂಕದ ಯಂತ್ರಕ್ಕೆ ಡಿಎಸ್‌ಟಿ ಗೊತ್ತಿಲ್ಲ. 2025ರ ಮಾರ್ಚ್ 9ರಂದು ಅದು 2:30 ಅಂತ ಸಮಯ ಕಳಿಸಿತು. ನ್ಯೂಯಾರ್ಕ್‌ನಲ್ಲಿ ಅವತ್ತು 2:30 ಅನ್ನುವುದೇ ಬಂದಿರಲಿಲ್ಲ. ಅದನ್ನು ನ್ಯೂಯಾರ್ಕ್ ಸಮಯ ಮಾಡಲು ಹೋದ ಜಾಬ್ ಓರಾ-01878 ಅಂತ ತಪ್ಪು ತೋರಿಸಿ ನಿಂತಿತು. ನನಗೆ ಇದು ಇಷ್ಟವಾಯಿತು. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಾದರೆ ಅದೇ 2:30 ಸದ್ದಿಲ್ಲದೆ 3:30 ಆಗುತ್ತದೆ. ನಿಂತು ಹೇಳಿದರೆ ನಾನು ಎದ್ದು ನೋಡುತ್ತೇನೆ. ಆದರೆ ಎರಡು ಸಲ ಬರುವ ಗಂಟೆಯ ವಿಷಯದಲ್ಲಿ ಒರಾಕಲ್ ಕೂಡ ಸದ್ದಿಲ್ಲದೆ ಚಳಿಗಾಲದ ಲೆಕ್ಕವನ್ನೇ ಹಿಡಿಯುತ್ತದೆ. ಅಲ್ಲೂ ತಪ್ಪು ತೋರಿಸಬೇಕು ಅಂದ್ರೆ ಎರರ್ ಆನ್ ಓವರ್‌ಲ್ಯಾಪ್ ಟೈಮ್ ಅನ್ನುವುದನ್ನು ಸೆಷನ್‌ನಲ್ಲಿ ಚಾಲೂ ಮಾಡಿಕೊಳ್ಳಬೇಕು. ಆಗ ಓರಾ-01883 ಬರುತ್ತದೆ. ಇದು ಮೊದಲಿಂದಲೇ ಚಾಲೂ ಇರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮರೆಯುವ ವಿಷಯ ಟೈಮ್ ಝೋನ್ ಫೈಲ್. ಯಾವ ಊರಿನಲ್ಲಿ ಗಡಿಯಾರ ಯಾವಾಗ ಬದಲಾಗುತ್ತದೆ ಅನ್ನುವುದು ಒಂದು ಫೈಲಿನಲ್ಲಿ ಇರುತ್ತದೆ. ಸರ್ಕಾರಗಳು ನಿಯಮ ಬದಲಿಸುತ್ತಲೇ ಇರುತ್ತವೆ. ಬ್ರೆಜಿಲ್ 2019ರಲ್ಲಿ ಡಿಎಸ್‌ಟಿ ಬಿಟ್ಟಿತು. ಮೆಕ್ಸಿಕೋ 2022ರಲ್ಲಿ, ಅಮೆರಿಕದ ಗಡಿಯ ಕೆಲವು ಊರು ಬಿಟ್ಟು ಉಳಿದೆಡೆ, ನಿಲ್ಲಿಸಿತು. ಫೈಲ್ ಹಳೆಯದಾದರೆ ಊರಿನ ಹೆಸರು ಸರಿ ಕೊಟ್ಟರೂ ಉತ್ತರ ತಪ್ಪು. ವಿ ಡಾಲರ್ ಟೈಮ್‌ಝೋನ್ ಫೈಲ್ ಅನ್ನುವ ವ್ಯೂನಲ್ಲಿ ಆವೃತ್ತಿ ಕಾಣುತ್ತದೆ. ನಾವು ಪ್ರತಿ ಫೆಬ್ರವರಿ ಮತ್ತು ಅಕ್ಟೋಬರ್‌ನಲ್ಲಿ ನೋಡುತ್ತೇವೆ.

ಬೇರೆ ಡೇಟಾಬೇಸ್‌ಗಳಲ್ಲಿ ಕೆಲಸ ಮಾಡುವವರಿಗೆ ಚಿಕ್ಕದಾಗಿ. ಪೋಸ್ಟ್‌ಗ್ರೆಸ್‌ನಲ್ಲಿ ಜಾಬ್ ಓಡಿಸುವ ಪಿಜಿ ಕ್ರಾನ್ ಸುಮ್ನೆ ಬಿಟ್ಟರೆ ಜಿಎಂಟಿಯಲ್ಲಿ ಓಡುತ್ತದೆ. ಹೊಸ ಆವೃತ್ತಿಗಳಲ್ಲಿ ಝೋನ್ ಬದಲಿಸಬಹುದು, ಆದರೆ ಎಲ್ಲ ಜಾಬಿಗೂ ಸೇರಿ ಒಂದೇ. ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಸರ್ವರ್‌ನ ಸ್ಥಳೀಯ ಸಮಯವನ್ನು ಹಿಡಿಯುತ್ತದೆ. ಮೈಎಸ್‌ಕ್ಯೂಎಲ್ ಇವೆಂಟ್‌ಗಳು ಬರೆದವರ ಸೆಷನ್‌ನ ಝೋನನ್ನು ಜೊತೆಗೆ ಇಟ್ಟುಕೊಳ್ಳುತ್ತವೆ. ಒಂದೊಂದು ಜಾಬಿಗೆ ಒಂದೊಂದು ಊರು, ಅದೂ ಜಾಬ್ ಬರೆಯುವಾಗಲೇ ಕಣ್ಣಿಗೆ ಕಾಣುವ ಹಾಗೆ ಕೊಡುವ ಅನುಕೂಲ ಒರಾಕಲ್‌ನಲ್ಲಿ ಚೆನ್ನಾಗಿದೆ. ನಮಗೆ ಅದು ಬೇಕೇ ಬೇಕು. ಯಾಕೆಂದರೆ ಈ ಗ್ರಾಹಕರ ಒಂದು ಗೋದಾಮು ಅರಿಜೋನಾದ ಫೀನಿಕ್ಸ್‌ನಲ್ಲಿದೆ. ಅಲ್ಲಿ ಡಿಎಸ್‌ಟಿ ಇಲ್ಲ. ಚಳಿಗಾಲದಲ್ಲಿ ನ್ಯೂಯಾರ್ಕ್‌ಗಿಂತ 2 ಗಂಟೆ ಹಿಂದೆ, ಬೇಸಿಗೆಯಲ್ಲಿ 3 ಗಂಟೆ. ಆ ಜಾಬಿನ ಸ್ಟಾರ್ಟ್ ಡೇಟಿಗೆ 'ಅಮೆರಿಕಾ/ಫೀನಿಕ್ಸ್' ಅಂತ ಹಾಕಿದ್ದೇವೆ, ಅದು ಅಲುಗದೆ ನಿಂತಿದೆ.

ಮಲೆನಾಡಿನಲ್ಲಿ ಕೂತವಳಾಗಿ ಇನ್ನೊಂದು ಕಾರಣಕ್ಕೆ ನನಗೆ ಇದು ಮೆಚ್ಚುಗೆ. ಜಾಬ್ ಡೇಟಾಬೇಸಿನ ಒಳಗೇ ಓಡುತ್ತದೆ, ನನ್ನ ಯಂತ್ರ ಬೇಕಾಗಿಲ್ಲ. ಜುಲೈನಲ್ಲಿ ಮಳೆ ಹಿಡಿದು ಮೂರು ದಿನ ಕರೆಂಟ್ ಇಲ್ಲದೆ, ಇನ್ವರ್ಟರ್ ಕೂಡ ಕೈಕೊಟ್ಟಾಗ, ಶಿವಮೊಗ್ಗದ ಹುಡುಗ ಫೋನಿನಲ್ಲಿ ಹೇಳುತ್ತಿದ್ದ: "ಅಕ್ಕಾ, ಲಿಸ್ಟ್ 5:12ಕ್ಕೆ ಹೋಯ್ತು." ನಮ್ಮಲ್ಲಿ ಆಗ ಮಧ್ಯಾಹ್ನ 2:42.

ಐದಕ್ಕೆ ನಾಲ್ಕು ಕೊಡುತ್ತೇನೆ. ಅಂಕಿ ಬರೆದಾಗ ಎಚ್ಚರಿಸದ್ದಕ್ಕೆ ಒಂದು ಕಡಿಮೆ. ಕಲಿಯಬೇಕು ಅನ್ನುವವರಿಗೆ ಒರಾಕಲ್‌ನ ಉಚಿತ ಆವೃತ್ತಿ ಇದೆ. ಹಾಕಿಕೊಂಡು ಒಂದು ಜಾಬ್ ಬರೆಯಿರಿ, ಒಂದು ಸಲ ಅಂಕಿ ಕೊಟ್ಟು, ಒಂದು ಸಲ ಊರಿನ ಹೆಸರು ಕೊಟ್ಟು, ಮಾರ್ಚ್ ಮತ್ತು ನವೆಂಬರ್ ದಿನಾಂಕಗಳನ್ನು ಕೇಳಿ ನೋಡಿ. ಎರಡು ಸಾಲನ್ನೂ ಪಕ್ಕಪಕ್ಕ ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಆ ಎರಡು ಭಾನುವಾರಗಳಿಗೆ ಈಗ ಅಪ್ಪಯ್ಯನೇ ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ, ಪಕ್ಕದಲ್ಲಿ "ಬಸ್ಸಿನ ಟೈಮ್" ಅಂತ ಬರೆಯುತ್ತಾರೆ.